ಹಲ್ಲು ಹೋದ ಊರುಗಳು

ತೊಂಬತ್ತರ ದಶಕದಲ್ಲಿ ಲಂಡನ್ನಿನ ರೇನರ್ಸ್ ಲೇನಿನಲ್ಲಿದ್ದ ನಮ್ಮ ಹೋಟೆಲಿಗೆ ಕೆನಡಾದ ಐಸ್ ಹಾಕಿ ಆಟಗಾರನೊಬ್ಬ ಬರುತ್ತಿದ್ದ. ಬಾಗಿಲು ತುಂಬುವಂಥ ಆಳು. ಮುಂದಿನ ಹಲ್ಲಿನ ಸೆಟ್ಟು ತೆಗೆದು ಟಿಶ್ಯೂನಲ್ಲಿ ಸುತ್ತಿಟ್ಟ ಮೇಲೇ ದೋಸೆಗೆ ಕೈ ಹಾಕುತ್ತಿದ್ದ. ಒಂದು ದಿನ ಕೈ ತೊಳೆಯಲು ಎದ್ದ. ಗಿರಾಕಿ ಎದ್ದರೆ ಟೇಬಲ್ ಒರೆಸುವುದು ನನಗೆ ಕುಂದಾಪುರದಿಂದ ಬಂದ ಅಭ್ಯಾಸ. ಟಿಶ್ಯೂ ಸಮೇತ ಎಲ್ಲ ಕಸಕ್ಕೆ ಹೋಯಿತು.

ಇಬ್ಬರೂ ಸಾಂಬಾರು ಮೆತ್ತಿದ ಕಸ ಕೆದಕತೊಡಗಿದೆವು. ಹೊಡೆದಾನೆಂಬ ಹೆದರಿಕೆಗೆ ಮಾತು ತೆಗೆದೆ. "ಸ್ವಂತ ಹಲ್ಲು ಹೇಗೆ ಹೋದವು?"

"ಎರಡು ಕೆನಡಾದಲ್ಲಿ ಆಡುವಾಗ, ಒಂದು ಅಮೆರಿಕದಲ್ಲಿ, ಕೊನೆಯದು ಜರ್ಮನಿಯಲ್ಲಿ."

"ಲಂಡನ್ನಿನಲ್ಲಿ?"

"ಇಲ್ಲಿ ಇವತ್ತಿನ ತನಕ ಯಾರ ಕೈಲೂ ಆಗಿರಲಿಲ್ಲ," ಎಂದು ನನ್ನನ್ನೇ ನೋಡಿದ.

ಸೆಟ್ಟು ಸಿಕ್ಕಿತು. ಆಮೇಲಿಂದ ನಾನು ಒರೆಸುವ ಬಟ್ಟೆ ಹಿಡಿದು ಹತ್ತಿರ ಹೋದರೆ ಸಾಕು, ಆ ಭೀಮಕಾಯ ಟಿಶ್ಯೂ ಮುಂದೆ ಗೋಲ್‌ಕೀಪರ್ ಹಾಗೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದ.