ಅಮ್ಮ ಕಟ್ಟಿಕೊಟ್ಟ ಗಸಗಸೆ

ತೊಂಬತ್ತರ ದಶಕದಲ್ಲಿ ನನ್ನ ತಮ್ಮ ಕೆಲಸಕ್ಕೆಂದು ದೋಹಾಕ್ಕೆ ಬಂದ. ಬಂದವನು ಬಿನ್ ಒಮ್ರಾನ್‌ನ ನಮ್ಮ ಮನೆಗೆ ತಲುಪಲೇ ಇಲ್ಲ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿದಾಗ ಹಪ್ಪಳ, ಉಪ್ಪಿನಕಾಯಿಗಳ ನಡುವೆ ಒಂದು ಪೊಟ್ಟಣ ಗಸಗಸೆ ಸಿಕ್ಕಿತ್ತು. ನಮ್ಮ ಮಂಗಳೂರು ಕಡೆ ಪಾಯಸ ಮಾಡುವ ಗಸಗಸೆ ಇಲ್ಲಿ ಅಫೀಮು ಗಿಡದ ಬೀಜ, ಮಾದಕ ವಸ್ತು. ಇದು ನನಗೂ ಗೊತ್ತಿರಲಿಲ್ಲ. ಹಸುಗೂಸು ನನ್ನನ್ನು ಮಲಗಗೊಡುವುದಿಲ್ಲ ಎಂದು ಕೇಳಿ, ಮಗಳಿಗೆ ನಿದ್ದೆ ಬರಲಿ ಎಂದು ಅಮ್ಮ ಕಟ್ಟಿಕೊಟ್ಟಿದ್ದಳು.

ನಾವು ಹಿಡಿದ ವಕೀಲರ ಕಚೇರಿ ಮುಶೈರಿಬ್‌ನಲ್ಲಿತ್ತು. ಅವರ ಅರಬಿಯನ್ನು ಮಲಯಾಳಿ ಗುಮಾಸ್ತನೊಬ್ಬ ನಮಗೆ ಹಿಂದಿಯಲ್ಲಿ ಹೇಳುತ್ತಿದ್ದ. ಕೋರ್ಟು ನೋಡುವುದು ಎರಡನ್ನು, ಎಂದರು ವಕೀಲರು. ವಸ್ತು ಅವನ ಬಳಿ ಇತ್ತೇ? ಇತ್ತು, ಅದರಲ್ಲಿ ವಾದವಿಲ್ಲ. ಅದರ ಗುಣ ತಿಳಿದೇ ತಂದನೇ? ಬರೀ ಅಡುಗೆ ಸಾಮಾನು ಎಂದುಕೊಂಡಿದ್ದ ಎಂದು ತೋರಿಸಿದರೆ ಬಿಡುಗಡೆಯ ಆಸೆ ಇಟ್ಟುಕೊಳ್ಳಬಹುದು.

ಅದೊಂದು ಆಸೆ ಸಾಕಾಯಿತು. ಕೂಸನ್ನು ಎತ್ತಿಕೊಂಡು, ಸಾಕ್ಷಿ ಹೇಳಿ ಎಂದು ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿದ್ದ ನಮ್ಮೂರಿನವರ ಮನೆಗಳಿಗೆಲ್ಲ ಅಲೆದೆ. ಊರಿನ ಮದುವೆಗಳಲ್ಲಿ ಎಲೆ ತುಂಬ ಪಾಯಸ ಹಾಕಿಸಿಕೊಂಡು ಉಂಡವರೇ, "ಡ್ರಗ್ಸ್ ಕೇಸು ಮಾರಾಯ್ತಿ, ನಮ್ಮ ವೀಸಾ ಹೋದ್ರೆ ಎಂತ ಮಾಡುದು?" ಎಂದು ಬಾಗಿಲಿನಿಂದಲೇ ಕಳಿಸಿದರು. ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ಬ್ಯಾರಿ ಅಂಗಡಿಯವರೊಬ್ಬರು, "ನಾನು ಬರ್ತೇನೆ. ಗಸಗಸೆ ಎಂತದು ಅಂತ ಜಡ್ಜಿಗೆ ನಾನು ಹೇಳ್ತೇನೆ" ಎಂದರು.

ಆ ಸುದ್ದಿ ಹೇಳಲೆಂದು ಜೈಲಿಗೆ ಹೋದೆ. ತಮ್ಮ ಬಡಕಲಾಗಿದ್ದ. ಪೊಲೀಸರು ಏನು ಕೇಳಿದರು ಎಂದೆ.

"ಯಾರದ್ದು ಅಂತ ಕೇಳಿದ್ರು. ನಂದೇ ಅಂದೆ. ಅಮ್ಮನ ಹೆಸ್ರು ಯಾಕೆ ಹೇಳುದು? ಇದನ್ನು ತಿಂದ್ರೆ ಎಂತ ಆಗ್ತದೆ ಅಂತ ಕೇಳಿದ್ರು. ಒಳ್ಳೆ ನಿದ್ದೆ ಬರ್ತದೆ ಅಂದೆ. ಹೌದಲ್ಲ ಅಕ್ಕ? ಬರ್ಕೊಂಡು ಸೈನ್ ಹಾಕಿಸಿದ್ರು."

ಹೌದು. ಪಾಯಸ ಉಂಡ ಮಧ್ಯಾಹ್ನ ಚಾಪೆ ಬಿಡಿಸುತ್ತ ನಮ್ಮೂರಿನಲ್ಲಿ ಎಲ್ಲರೂ ಹೇಳುವ ಮಾತೇ ಅದು. ವಕೀಲರಿಗೆ ತಿಳಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗುಣ ಗೊತ್ತಿತ್ತು ಎಂದು ಅವನೇ ಒಪ್ಪಿಕೊಂಡ ಹಾಗಾಯಿತು, ಇನ್ನು ಸಾಕ್ಷಿ ಏನು ಹೇಳಿದರೂ ಅಷ್ಟೇ ಎಂದರು. "ಖಲಾಸ್." ಇದನ್ನು ಗುಮಾಸ್ತ ಹಿಂದಿಯಲ್ಲಿ ಹೇಳಬೇಕಾಗಲಿಲ್ಲ.

ಅಂಗಡಿಯವರು ಬಂದು ಸಾಕ್ಷಿ ಹೇಳಿದರು. ಆದರೂ ಶಿಕ್ಷೆಯಾಯಿತು. ವರ್ಷಗಟ್ಟಲೆ ಜೈಲು, ಆಮೇಲೆ ಗಡೀಪಾರು. ಊರಿನಲ್ಲಿ ಪಕ್ಕದ ಮನೆಯ ಫೋನಿಗೆ ಬರುತ್ತಿದ್ದ ಅಮ್ಮನಿಗೆ ನಾವು, ಅವನು ದೂರದ ಸೈಟ್‌ನಲ್ಲಿ ಕೆಲಸಕ್ಕಿದ್ದಾನೆ, ಅಲ್ಲಿ ಫೋನಿಲ್ಲ ಎನ್ನುತ್ತಿದ್ದೆವು. ಅವಳಿಗೆ ನಿಜ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ತೀರ್ಪಾದ ಸ್ವಲ್ಪ ದಿನಕ್ಕೆ, ಊರಿನಿಂದ ಆಗಷ್ಟೇ ಬಂದಿಳಿದ ಹೆಂಗಸೊಬ್ಬಳು ಬಾಗಿಲು ತಟ್ಟಿ ನನ್ನ ಕೈಗೆ ಒಂದು ಪೊಟ್ಟಣ ಇಟ್ಟಳು.

"ನಿಮ್ಮ ಅಮ್ಮ ಕೊಟ್ಟದ್ದು, ಗಸಗಸೆ. ಹೊಸ ಜಾಗ ಅಲ್ವಾ, ತಮ್ಮನಿಗೆ ನಿದ್ದೆ ಬರ್ಲಿಕ್ಕಿಲ್ಲ ಅಂತ. ಏರ್‌ಪೋರ್ಟಲ್ಲಿ ನನ್ನ ಪೆಟ್ಟಿಗೆ ಬಿಚ್ಚಲೇ ಇಲ್ಲ, ಯಲ್ಲಾ, ಹೋಗಿ ಹೋಗಿ ಅಂತ ಬಿಟ್ರು."

ಅವಳಿಗೆ ಚಹಾ ಮಾಡಿಕೊಟ್ಟು ಕಳಿಸಿದೆ. ಆಮೇಲೆ ಬಾಗಿಲು ಹಾಕಿ, ಗಸಗಸೆಯನ್ನು ಕಕ್ಕಸಿಗೆ ಸುರಿದು ನೀರು ಬಿಟ್ಟೆ. ಕಾಳುಗಳು ಮತ್ತೆ ಮತ್ತೆ ಮೇಲೆ ಬಂದವು. ಅಮ್ಮನನ್ನು ಬಾಯಿಗೆ ಬಂದಂತೆ ಬೈಯುತ್ತ, ಅಳುತ್ತ, ಒಂದು ಕಾಳೂ ಕಾಣದಾಗುವವರೆಗೆ ನೀರು ಸುರಿದೆ.