ತಮ್ಮನ ಮಾತಿನ ಯಂತ್ರಗಳು

ಮೊದಲ ಕಂಪ್ಯೂಟರ್ ಮನೆಗೆ ಬಂದದ್ದು ಅಕ್ಕನ ಕೆಲಸಕ್ಕೆ. ಅಚ್ಚಿನ ಅಂಗಡಿಯೊಂದಕ್ಕೆ ಅವಳು ಟೈಪ್ ಮಾಡಿಕೊಡುತ್ತಿದ್ದಳು. ಅವಳು ಅಡುಗೆಮನೆಗೆ ಎದ್ದರೆ ಸಾಕು, ತಮ್ಮ ಅವಳ ಕುರ್ಚಿ ಹಿಡಿದು ಇಸ್ಪೀಟು ಆಡುತ್ತಿದ್ದ. ಅವನು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಬಾಯಿ ತೆರೆದರೆ ಸುತ್ತಲಿದ್ದವರ ಹೊಟ್ಟೆ ಹುಣ್ಣಾಗಬೇಕು, ಹಾಗೆ ನಗಿಸುತ್ತಿದ್ದ.

ಎರಡನೆಯದು ಬಂದ ವರ್ಷ ಅವನ ಕೈಯಿಂದ ಸೀಮೆಸುಣ್ಣ ಜಾರತೊಡಗಿತು. ಸ್ನಾಯುಗಳನ್ನು ಒಂದೊಂದಾಗಿ ತಿನ್ನುವ ಕಾಯಿಲೆ, ಮದ್ದಿಲ್ಲ ಎಂದರು ಡಾಕ್ಟರು. ಕಾಲು ಹೋಯಿತು, ನಾಲಿಗೆ ತೊದಲಿತು, ಕೊನೆಗೆ ದನಿಯೂ ಇಂಗಿತು. ಒಂದೇ ಬೆರಳಿನಿಂದ ಕೀಲಿ ಒತ್ತಿ ಪರದೆಯ ಮೇಲೆ ಮಾತಾಡಿದ. ಆ ಬೆರಳೂ ಸೋತಾಗ, ರೇಡಿಯೋ ರಿಪೇರಿ ಮಾಡುತ್ತಿದ್ದ ಸೋದರಮಾವ ಮೂರನೆಯ ಕಂಪ್ಯೂಟರಿಗೆ ಕೆನ್ನೆಯಿಂದ ಒತ್ತುವ ಗುಂಡಿಯೊಂದನ್ನು ಕಟ್ಟಿಕೊಟ್ಟರು. ಅಕ್ಷರಗಳು ಪರದೆಯ ಮೇಲೆ ಸಾಲಾಗಿ ಹಾಯುತ್ತಿದ್ದವು; ಬೇಕಾದದ್ದು ಬಂದಾಗ ಕೆನ್ನೆ ಉಬ್ಬಿಸಬೇಕು. ಅವನು ಹಾಗೆ ಬರೆದ ಮೊದಲ ಮಾತು: ‘ಅಕ್ಕಾ, ನೀನು ಹಾಡಬೇಡ. ನನಗೆ ಎದ್ದು ಓಡೋಕಾಗಲ್ಲ.’

ಮಾವ ತೀರಿಕೊಂಡರು. ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಆ ಕಂಪ್ಯೂಟರ್ ಕಣ್ಣು ಬಿಡಲೇ ಇಲ್ಲ.

“ಬೋರ್ಡು ಸುಟ್ಟಿದೆ ಮೇಡಂ, ಹೊಸದು ತಗೊಳ್ಳಿ,” ಎಂದ ಕಂಪ್ಯೂಟರ್ ಅಂಗಡಿಯವನು.

“ಹೊಸದಕ್ಕೆ ಈ ಗುಂಡಿ ಹಾಕೋಕಾಗುತ್ತಾ?”

ಅವನು ತಂತಿಯ ತುದಿ ತಿರುಗಿಸಿ ನೋಡಿದ. “ಇದನ್ನ ಸಿಕ್ಕಿಸೋ ಜಾಗವೇ ಈಗಿನದರಲ್ಲಿ ಇರಲ್ಲ.”

ತಮ್ಮನನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಿ ಅಕ್ಕ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದಳು. ಮುಚ್ಚಿಹೋದ ಕಚೇರಿಯೊಂದರ ರಾಶಿಯ ತಳದಲ್ಲಿ ಅಂಥದ್ದೇ ಒಂದು ಸಿಕ್ಕಿತು. ಮಗುವನ್ನು ಅವಚಿದ ಹಾಗೆ ಅವಚಿಕೊಂಡು ತಂದಳು. ಕಂಪ್ಯೂಟರ್ ಅಂಗಡಿಯವನೇ ಮನೆಗೆ ಬಂದು ಜೋಡಿಸಿದ. ಪರದೆ ಬೆಳಗಿತು. ತಮ್ಮನ ಕೆನ್ನೆ ಅವಸರ ಅವಸರವಾಗಿ ಅಲುಗಿತು: ‘ಅಕ್ಕಾ ನನ್ನ’

ಪರದೆ ಕಪ್ಪಾಯಿತು. ಅಂಗಡಿಯವನು ಬಿಚ್ಚಿದ, ಊದಿದ, ಮತ್ತೆ ಕಟ್ಟಿದ. ಉಹೂಂ.

“ನಿನ್ನ ಏನೋ?” ಅಕ್ಕ ಹಾಸಿಗೆಯ ಪಕ್ಕ ಕುಸಿದು ಕೂತಳು. “ಹೌದಾದ್ರೆ ಕಣ್ಣು ಮುಚ್ಚು. ಹೊಟ್ಟೆನಾ? ಎದೆನಾ? ಬೆನ್ನಾ?”

ಅವನ ಕಣ್ಣು ತೆರೆದೇ ಇತ್ತು, ನೀರು ಮಾತ್ರ ಇಳಿಯುತ್ತಿತ್ತು. ಅವಳಿಗೆ ದಿಕ್ಕು ತೋಚಲಿಲ್ಲ. ಕೊನೆಗೆ ಒಂದನೇ ಕ್ಲಾಸಿನ ಮಕ್ಕಳ ಹಾಗೆ ವರ್ಣಮಾಲೆ ಹೇಳತೊಡಗಿದಳು. ‘ಕ’ ಎಂದಳು, ರೆಪ್ಪೆ ಮುಚ್ಚಿತು. ಕಾಗುಣಿತ ಹಿಡಿದಳು: ಕ, ಕಾ, ಕಿ. ಮುಚ್ಚಿತು. ಮತ್ತೆ ಮೊದಲಿಂದ. ‘ವ’ಕ್ಕೆ ಮುಚ್ಚಿತು, ‘ವಿ’ಗೆ ಮುಚ್ಚಿತು.

ಕಿವಿ.

ತಲೆ ಎತ್ತಿ ನೋಡಿದಳು. ದಿಂಬಿಗೆ ಒತ್ತಿದ ಕಿವಿ ಎರಡಾಗಿ ಮಡಚಿ, ಕಪ್ಪಿಟ್ಟು ಹೋಗಿತ್ತು. ಬೆಳಿಗ್ಗೆ ಆ ಮಗ್ಗುಲಿಗೆ ಹೊರಳಿಸಿ ಹೋದವಳು ಅವಳೇ.

“ಅಯ್ಯೋ ನನ್ನಪ್ಪಾ!” ಎಂದು ಕಿವಿ ಬಿಡಿಸಿ ಅಂಗೈಯಲ್ಲಿ ಹಿಡಿದುಕೊಂಡಳು. ಅಂಗಡಿಯವನು ಮುಖ ತಿರುಗಿಸಿಕೊಂಡ.

ಆಮೇಲೆ ಅವರ ಮಾತುಕತೆಯೆಲ್ಲ ಕಾಗುಣಿತದಲ್ಲೇ ನಡೆಯಿತು. ಹೋದ ಬೇಸಿಗೆಯಿಂದ ರೆಪ್ಪೆಯೂ ಅವನ ಮಾತು ಕೇಳುತ್ತಿಲ್ಲ. ಅಕ್ಕ ಈಗ ಹಾಸಿಗೆಯ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟು ಟೈಪ್ ಮಾಡುತ್ತಾಳೆ. ನಡುನಡುವೆ ಎದ್ದು ಅವನ ಹಿಮ್ಮಡಿ, ಬೆನ್ನು, ಬೆರಳಿನ ಸಂದಿಗಳನ್ನೆಲ್ಲ ತಡವುತ್ತಾಳೆ.

“ಇಲ್ಲೇನಾದ್ರೂ ನೋವಿದೆಯೇನೋ?” ಎಂದು ಕೇಳುತ್ತಾಳೆ. ಸ್ವಲ್ಪ ಹೊತ್ತು ಕಾಯುತ್ತಾಳೆ.