ಹಾಲಿಗೆ ಬಿದ್ದ ಹಸಿಮೆಣಸಿನಕಾಯಿ

ಮನೆಯಲ್ಲಿದ್ದ ಅಷ್ಟೂ ಹಾಲಿಗೆ ಅಜ್ಜಿ ತೊಟ್ಟಿನ ಸಮೇತ ಹಸಿಮೆಣಸಿನಕಾಯಿ ಹಾಕಿಬಿಟ್ಟರು. ಹೆಪ್ಪಿಗೆ ಮಜ್ಜಿಗೆ ಮುಗಿದಿತ್ತು. ದೀಪ ಹಚ್ಚಿದ ಮೇಲೆ ತಮಿಳುನಾಡಿನ ಗೂಡಲೂರಿನ ನಮ್ಮ ಬೀದಿಯಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ. ಅಂಗಡಿಯ ಮೊಸರನ್ನು ಅಜ್ಜಿ ಹೆಪ್ಪಿಗೂ ಸೇರಿಸುವುದಿಲ್ಲ. ಜ್ವರದಿಂದ ಎದ್ದ ತಾತ ಊಟವನ್ನೇ ಮುಟ್ಟುತ್ತಿರಲಿಲ್ಲ. ಮನೆಯ ಮೊಸರನ್ನವಾದರೆ ಮಾತ್ರ ನಾಳೆ ತಿನ್ನುತ್ತೇನೆ ಎಂದಿದ್ದರು.

ನನಗೆ ಗಾಬರಿಯಾಯಿತು. ಮೆಣಸಿನಕಾಯಿಯ ರಸ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆದದ್ದನ್ನು ಅದೇ ವಾರ ಕಾಲೇಜಿನ ಪ್ರಯೋಗಾಲಯದಲ್ಲಿ ಕಂಡು, ತಾರೀಖು ಹಾಕಿ ಡೈರಿಯಲ್ಲಿ ಬರೆದಿದ್ದೆ. ಮೊಸರಾಗಲು ಬೇಕಾದದ್ದೂ ಬ್ಯಾಕ್ಟೀರಿಯಾವೇ ಅಲ್ಲವೇ?

"ಅವ್ವಾ, ಇದು ಕಿರುಮಿ ಸಾಯಿಸೋದು. ಹಾಲು ಮೊಸರಾಗಲ್ಲ," ಎಂದು ಅಜ್ಜಿಗೆ ಹೇಳಿದೆ.

"ಹಾಲು ಕಾಲೇಜಿಗೆ ಹೋಗಿಲ್ಲ ಕಣ್ಣು, ಅದಕ್ಕೆ ಇದೆಲ್ಲ ತೆರಿಯಲ್ಲ," ಎಂದು ಅಜ್ಜಿ ತಮ್ಮ ತಮಿಳು ಬೆರೆತ ಮಾತಿನಲ್ಲಿ ಮುದ್ದಿನಿಂದ ಹೇಳಿ ಪಾತ್ರೆ ಮುಚ್ಚಿದರು.

ಬೆಳಿಗ್ಗೆ ನೋಡಿದರೆ ಮೊಸರು ಗಟ್ಟಿಯಾಗಿತ್ತು. ತಾತ ತಟ್ಟೆ ಬಳಿದು ತಿಂದು ಇನ್ನೂ ಸ್ವಲ್ಪ ಕೇಳಿದರು. ಇದು ಹೇಗಾಯಿತೆಂದು ಅಜ್ಜಿಗೂ ತಿಳಿಯದು. ಅವರ ಅತ್ತೆ ಹಾಗೆ ಹಾಕುತ್ತಿದ್ದರಂತೆ.

ಆ ದಿನದ ಪುಟದಲ್ಲಿ 'ತಾತ ಉಂಡರು' ಎಂದು ಬರೆದೆ. ಮೆಣಸಿನಕಾಯಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೋ ಸಾಕುತ್ತದೋ ಎಂದು ಬರೆಯಬೇಕಾದ ಸಾಲು ಮಾತ್ರ ಇನ್ನೂ ಖಾಲಿಯಾಗಿಯೇ ಇದೆ.